ಹಳ್ಳದ ಹತ್ತಿರ ನಿಂತುಹೋದ ಸೈಕಲ್

ಮೊನ್ನೆ ಸ್ಟಾಫ್ ರೂಮಿನಲ್ಲಿ, ಈ ವರ್ಷ ಹೊಸದಾಗಿ ಬಂದ ಕನ್ನಡ ಟೀಚರ್ ಕೇಳಿದರು. "ಮೇಡಂ, ನಿಮ್ಮ ಎಲೆಕ್ಟ್ರಿಕ್ ಸೈಕಲ್ ನಂಬಬಹುದಾ? ನಾನೂ ಒಂದು ತಗೊಳ್ಳೋಣ ಅಂತಿದ್ದೀನಿ." ಹೂಂ ಅನ್ನಲೂ ಆಗಲಿಲ್ಲ, ಉಹೂಂ ಅನ್ನಲೂ ಆಗಲಿಲ್ಲ. ಅಷ್ಟರಲ್ಲಿ ಬೆಲ್ ಹೊಡೆಯಿತು, ಒಂಬತ್ತನೇ ಕ್ಲಾಸಿಗೆ ಹೋದೆ. ಅವರಿಗೆ ಕೊಡಬೇಕಾಗಿದ್ದ ಉತ್ತರ ಉದ್ದ ಇದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ದೇವರಮನೆ ಗುಡ್ಡದ ಕಡೆಯ ಊರು. ಮನೆಯಿಂದ ಶಾಲೆಗೆ 9 ಕಿಲೋಮೀಟರ್. ಮೊದಲ ಆರು ಟಾರ್ ರಸ್ತೆ. ಆಮೇಲೆ ತೋಟಗಳ ನಡುವಿನ ಜೀಪ್ ದಾರಿ, ಕಲ್ಲು, ಕೆಂಪು ಮಣ್ಣು. ಮಧ್ಯದಲ್ಲಿ ಒಂದು ಹಳ್ಳ. ಹಳ್ಳ ದಾಟಿದ ಮೇಲೆ ಒಂದೇ ಸಮನೆ ಏರು. ಬಸ್ಸು ಬೆಳಿಗ್ಗೆ ಒಂದು ಇದೆ, ಅದೂ ಟಾರ್ ಮುಗಿಯುವ ಕೈಮರದವರೆಗೆ ಮಾತ್ರ.

ಮೊದಲು ಸ್ಕೂಟರ್ ಇತ್ತು. ಮಳೆಗಾಲದಲ್ಲಿ ಎರಡು ಸಲ ಜಾರಿ ಬಿದ್ದೆ. ಎರಡನೇ ಸಲ ಎಡಗೈ ಮಣಿಕಟ್ಟು ಮುರಿಯಿತು. ಕಾಲಿನ ಮೇಲೆ ಬಿದ್ದಿದ್ದ ಸ್ಕೂಟರನ್ನು ಒಬ್ಬಳೇ ಎತ್ತಲು ಆಗದೆ, ತೋಟದ ಕೆಲಸದವರು ಬರುವವರೆಗೆ ಅಲ್ಲೇ ಕೂತಿದ್ದೆ. ಆವತ್ತೇ ತೀರ್ಮಾನ ಮಾಡಿದೆ, ಬಿದ್ದರೆ ನಾನೇ ಎತ್ತಿ ನಿಲ್ಲಿಸಬಹುದಾದ ಗಾಡಿ ಮಾತ್ರ ಬೇಕು ಅಂತ. 2023ರ ಜನವರಿಯಲ್ಲಿ ಈ ಎಲೆಕ್ಟ್ರಿಕ್ ಮೌಂಟೇನ್ ಬೈಕ್ ತಗೊಂಡೆ. ತೂಕ 24 ಕಿಲೋ. ಬೆಲೆ 48 ಸಾವಿರ. ಶಾಲೆಯ ಮಕ್ಕಳು ಅದಕ್ಕೆ ಕರೆಂಟ್ ಸೈಕಲ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದರ ಮೋಟಾರ್ ಹಿಂದಿನ ಚಕ್ರದ ಹಬ್, ಅಂದರೆ ನಡುವಿನ ಗುಂಬದ, ಒಳಗೇ ಇದೆ. 250 ವ್ಯಾಟ್. ವೇಗ 25 ಕಿಲೋಮೀಟರ್ ಮುಟ್ಟಿದರೆ ಮೋಟಾರ್ ತಾನಾಗೇ ನಿಲ್ಲುತ್ತದೆ. ಈ ಮಿತಿಯೊಳಗೆ ಇರುವುದರಿಂದ ನಂಬರ್ ಪ್ಲೇಟ್ ಬೇಡ, ಲೈಸೆನ್ಸ್ ಬೇಡ. ಬಾಷ್, ಶಿಮಾನೋದವರ ಮೋಟಾರ್‌ಗಳು ಪೆಡಲ್ ಇರುವ ಜಾಗದಲ್ಲಿ, ನಡುವೆ ಇರುತ್ತವೆ. ಅವು ಚೈನ್ ಮೂಲಕ, ಗೇರ್ ಬಳಸಿಕೊಂಡು ಏರು ಹತ್ತುತ್ತವೆ. ಹಾಗಾಗಿ ಗುಡ್ಡಕ್ಕೆ ಅವೇ ಒಳ್ಳೆಯವು. ಆದರೆ ಅಂಥ ಸೈಕಲ್ಲಿಗೆ ಲಕ್ಷಗಟ್ಟಲೆ ಬೆಲೆ. ಹಬ್ ಮೋಟಾರಿಗೆ ನಾವು ಬದಲಾಯಿಸುವ ಸೈಕಲ್ಲಿನ ಗೇರಿನ ಸಹಾಯ ಸಿಗುವುದಿಲ್ಲ. ಕಡಿದಾದ ಏರಿನಲ್ಲಿ ಚಕ್ರ ನಿಧಾನವಾದಷ್ಟೂ ಅದು ಬಿಸಿಯಾಗುತ್ತದೆ. ಏರಿನಲ್ಲಿ ನಾವೂ ಜಾಸ್ತಿ ತುಳಿಯಬೇಕು. ಸುಮ್ನೆ ಕೂತುಕೊಂಡು ಅದರ ಮೇಲೇ ಭಾರ ಹಾಕಬಾರದು.

ಮೊದಲ ಆರು ತಿಂಗಳು ನನಗೆ ಯಾವ ಚಿಂತೆಯೂ ಇರಲಿಲ್ಲ. ಬೇಸಿಗೆ, ಒಣ ರಸ್ತೆ, ಕಾಫಿ ಹೂವಿನ ವಾಸನೆ. ಶಾಲೆಯ ದಾರಿಗೆ 30 ನಿಮಿಷ ಸಾಕಾಗುತ್ತಿತ್ತು. ಶಾಲೆ ಮುಟ್ಟಿದಾಗ ಸೀರೆ ಒದ್ದೆಯಾಗಿರುತ್ತಿರಲಿಲ್ಲ.

ಆಮೇಲೆ ಜುಲೈ ಬಂತು.

ಆ ದಿನ ಎಂಟನೇ ಕ್ಲಾಸಿಗೆ ಕಿರು ಪರೀಕ್ಷೆ ಇತ್ತು. ಪ್ರಶ್ನೆಪತ್ರಿಕೆ ನನ್ನ ಬ್ಯಾಗಿನಲ್ಲಿ, ಪ್ಲಾಸ್ಟಿಕ್ ಕವರಿನ ಒಳಗೆ. ರಾತ್ರಿಯಿಡೀ ಸುರಿದು ಹಳ್ಳದಲ್ಲಿ ನೀರು ಮೊಣಕಾಲಿನ ಹತ್ತಿರ ಬಂದಿತ್ತು. ನಿಧಾನವಾಗಿ ಸೈಕಲ್ ತಳ್ಳಿಕೊಂಡೇ ದಾಟಿದೆ. ಆಚೆ ದಡದಲ್ಲಿ ಹತ್ತಿ ಕೂತು ತುಳಿದೆ. ಮೋಟಾರ್ ಗರ್ ಗರ್ ಅಂತ ನಡುಗಿತು. ಒಂದು ಇಂಚು ಮುಂದೆ, ಒಂದು ಇಂಚು ಹಿಂದೆ ಎಳೆದಾಡಿದ ಹಾಗೆ. ಆಮೇಲೆ ಪೂರ್ತಿ ಸುಮ್ಮನಾಯಿತು. ಡಿಸ್‌ಪ್ಲೇ ಉರಿಯುತ್ತಿದೆ, ಬ್ಯಾಟರಿ ನಾಲ್ಕು ಗೆರೆ ತೋರಿಸುತ್ತಿದೆ, ಮೋಟಾರ್ ಮಾತ್ರ ಇಲ್ಲ.

24 ಕಿಲೋ ಸೈಕಲ್ಲನ್ನು ಆ ಏರಿನಲ್ಲಿ ತಳ್ಳಿಕೊಂಡು ಹೋದೆ. ಎರಡು ಕಡೆಯೂ ಕಾಫಿ ತೋಟ, ಒಬ್ಬರೂ ಇಲ್ಲ. ಕಾಲಿಗೆ ಉಂಬಳ ಹತ್ತಿದ್ದು ಗೊತ್ತಾಗಿದ್ದು ಶಾಲೆ ಮುಟ್ಟಿದ ಮೇಲೆ. ಒಂದು ಪಿರಿಯಡ್ ತಡವಾಗಿತ್ತು. ಮಕ್ಕಳು ಬೆಂಚಿನಲ್ಲಿ ಪೆನ್ನು ಹಿಡಿದು ಸುಮ್ಮನೆ ಕೂತಿದ್ದರು. ಹೆಡ್‌ಮಾಸ್ಟರ್ ಏನೂ ಅನ್ನಲಿಲ್ಲ. ಅವರು ಅನ್ನದಿದ್ದದ್ದೇ ನನಗೆ ಜಾಸ್ತಿ ಬೇಜಾರಾಯಿತು.

ಚಿಂತೆ ಶುರುವಾಗಿದ್ದು ಆವತ್ತಿಂದ. ಸಂಜೆ ಕಂಪನಿಯ ನಂಬರಿಗೆ ಫೋನ್ ಮಾಡಿದೆ. ಸೈಕಲ್ ಬೆಂಗಳೂರಿಗೆ ಕಳಿಸಿ, ಮೂರು ವಾರ ಆಗಬಹುದು ಅಂದರು. ಕೊರಿಯರ್ ಆಫೀಸಿನಲ್ಲಿ ಕೇಳಿದರೆ ಲಿಥಿಯಂ ಬ್ಯಾಟರಿ ತಗೊಳ್ಳುವುದಿಲ್ಲ ಅಂದರು. ಅವರು ಹೇಳಿದ್ದರಲ್ಲೂ ಅರ್ಥ ಇದೆ. ವಿಮಾನದಲ್ಲಿ ಪ್ರಯಾಣಿಕರಿಗೂ 160 ವ್ಯಾಟ್-ಅವರ್‌ಗಿಂತ ದೊಡ್ಡ ಬ್ಯಾಟರಿ ಬಿಡುವುದಿಲ್ಲ, ನನ್ನದು 360 (ಬ್ಯಾಟರಿಯಲ್ಲಿ ಎಷ್ಟು ಶಕ್ತಿ ತುಂಬುತ್ತದೆ ಅನ್ನುವುದರ ಅಳತೆ ಇದು). ಆದರೆ ನನ್ನ ಕೆಲಸ ನಿಲ್ಲುತ್ತದಲ್ಲ. ಮೂರು ವಾರ ನಾನು ಶಾಲೆಗೆ ಹೋಗುವುದು ಹೇಗೆ? ಅಪ್ಪನ ಹಳೇ ಸೈಕಲ್ ಕೆಟ್ಟರೆ ಪೇಟೆಯ ಸೈಕಲ್ ಶಾಪಿನ ಕಾಕ ಅರ್ಧ ಗಂಟೆಯಲ್ಲಿ ಸರಿಮಾಡಿ ಕೊಡುತ್ತಿದ್ದರು. ಈ ಸೈಕಲ್ ನೋಡಿ ಅದೇ ಕಾಕ, "ಚಕ್ರ, ಚೈನ್, ಬ್ರೇಕ್ ನಾನು ನೋಡ್ತೀನಿ ಟೀಚರೇ, ವೈರ್ ಮಾತ್ರ ನಂಗೊತ್ತಿಲ್ಲ" ಅಂದರು. ಎಲೆಕ್ಟ್ರಿಕ್ ಸೈಕಲ್ ವಿಷಯದಲ್ಲಿ ನನ್ನ ಭಯ ಪೂರ್ತಿ ಅಲ್ಲೇ ಇದೆ. ಗಾಡಿ ಅಂದಮೇಲೆ ಕೆಟ್ಟೇ ಕೆಡುತ್ತದೆ. ಕೆಟ್ಟಾಗ ಬಿಚ್ಚಿ ನೋಡುವವರು ಹತ್ತಿರ ಯಾರಿದ್ದಾರೆ ಅನ್ನುವುದೇ ಪ್ರಶ್ನೆ.

ಕಾಕನೇ ದಾರಿ ತೋರಿಸಿದರು. ಅವರ ಅಂಗಡಿಯಿಂದ ಸ್ವಲ್ಪ ದೂರದಲ್ಲಿ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವವರು ಒಬ್ಬರಿದ್ದಾರೆ. ಅವರ ಮಗಳು ನಮ್ಮ ಶಾಲೆಯಲ್ಲೇ ಓದಿದವಳು. ಅಂಗಡಿ ತುಂಬ ತಾಮ್ರದ ತಂತಿ, ವಾರ್ನಿಷ್ ವಾಸನೆ. ಸೈಕಲ್ಲಿನ ಹಿಂದಿನ ಚಕ್ರದ ಹತ್ತಿರ ಕೂತು ವೈರುಗಳನ್ನು ಎಣಿಸಿದರು. ದಪ್ಪದ್ದು ಮೂರು. ಹಳದಿ, ಹಸಿರು, ನೀಲಿ. ಮುಖ ಎತ್ತಿ, "ಟೀಚರೇ, ಇದು ಥ್ರೀ ಫೇಸ್ ಅಲ್ವಾ? ತೋಟದ ಮೋಟಾರಿನ ತಮ್ಮನ ಹಾಗಿದೆ" ಅಂದರು. ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಕಣ್ಣಲ್ಲಿ ನೀರು ಬಂತು.

ದಪ್ಪ ಮೂರು ವೈರಿನ ಜೊತೆ ಸಣ್ಣ ವೈರು ಐದಿದ್ದವು. ಅವು ಅವರ ಪಂಪ್‌ಸೆಟ್ಟಿನಲ್ಲಿ ಇಲ್ಲ. ಅದು ನನಗೆ ಗೊತ್ತಿತ್ತು, ಹಿಂದಿನ ರಾತ್ರಿ ಓದಿಕೊಂಡಿದ್ದೆ. ಈ ಥರದ ಮೋಟಾರಿನ ಒಳಗೆ ಮೂರು ಹಾಲ್ ಸೆನ್ಸರ್ ಇರುತ್ತವೆ. ತಿರುಗುವ ಅಯಸ್ಕಾಂತ ಈಗ ಯಾವ ಜಾಗದಲ್ಲಿದೆ ಅಂತ ಅವು ಕಂಟ್ರೋಲರಿಗೆ, ಅಂದರೆ ಮೋಟಾರ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ, ಹೇಳುತ್ತವೆ. ಅದನ್ನು ನೋಡಿಕೊಂಡು ಕಂಟ್ರೋಲರ್ ಮೂರು ಫೇಸಿಗೆ ಸರದಿ ಪ್ರಕಾರ ಕರೆಂಟ್ ಬಿಡುತ್ತದೆ. ಮೂರರಲ್ಲಿ ಒಂದು ಸುಮ್ಮನಾದರೂ ಕಂಟ್ರೋಲರಿಗೆ ದಿಕ್ಕು ತಪ್ಪುತ್ತದೆ. ಆಗ ಮೋಟಾರ್ ಹೀಗೇ ಗರ್ ಗರ್ ಅಂತ ನಡುಗುತ್ತದೆ.

ಮಲ್ಟಿಮೀಟರ್ ತಂದರು. ಕೆಂಪು ಮತ್ತು ಕಪ್ಪು ವೈರಿನ ನಡುವೆ 5 ವೋಲ್ಟ್ ಬರುತ್ತಿತ್ತು. ಅಲ್ಲಿಗೆ ಸೆನ್ಸರಿಗೆ ಕರೆಂಟ್ ಬರುತ್ತಿದೆ ಅಂತಾಯಿತು. ಉಳಿದ ಮೂರರಲ್ಲಿ ಒಂದಕ್ಕೆ ಸೂಜಿ ಇಟ್ಟು, ಚಕ್ರ ನಿಧಾನವಾಗಿ ತಿರುಗಿಸಿದರೆ ಮೀಟರ್ 0, 5, 0, 5 ಅಂತ ಬದಲಾಗಬೇಕು. ಅವರು ತಿರುಗಿಸಿದರು. ಬದಲಾಗಲೇ ಇಲ್ಲ. ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ. ಮೂರೂ ಸತ್ತಿವೆ ಅಂದುಕೊಂಡು ಇಬ್ಬರೂ ಸುಮ್ಮನೆ ಕೂತೆವು.

ಆಮೇಲೆ ನನಗೆ ಹೊಳೆಯಿತು. ಈ ಹಬ್ ಒಳಗೆ ಗೇರುಗಳಿವೆ, ಜೊತೆಗೆ ಒಂದು ಫ್ರೀವೀಲ್ ಇದೆ. ಚಕ್ರ ಮುಂದಕ್ಕೆ ತಿರುಗಿಸಿದರೆ ಚಕ್ರ ಮಾತ್ರ ತಿರುಗುತ್ತದೆ, ಒಳಗಿನ ಮೋಟಾರ್ ನಿಂತೇ ಇರುತ್ತದೆ. "ಹಿಂದಕ್ಕೆ ತಿರುಗಿಸಿ" ಅಂದೆ. ಹಿಂದಕ್ಕೆ ತಿರುಗಿಸಿದಾಗ ಕೈಗೆ ಕಟಕಟ ಅಂತ ಬಿಗಿ ಸಿಕ್ಕಿತು. ಹಳದಿ ಬದಲಾಯಿತು. ನೀಲಿ ಬದಲಾಯಿತು. ಹಸಿರು ಸೊನ್ನೆಯಲ್ಲೇ ನಿಂತಿತ್ತು.

ಹಸಿರು ವೈರಿನ ಜಾಡು ಹಿಡಿದು ಕನೆಕ್ಟರ್ ಬಿಚ್ಚಿದರು. ಒಳಗೆ ಒಂದು ಪಿನ್ನಿನ ಸುತ್ತ ಹಸಿರು ಕಿಲುಬು. ಹಳೇ ತಾಮ್ರದ ಹಂಡೆಯ ಕಂಠದಲ್ಲಿ ಹುಣಸೆಹಣ್ಣು ತಾಗದ ಜಾಗದಲ್ಲಿ ಇರುತ್ತದಲ್ಲ, ಅದೇ ಬಣ್ಣ. ಸಾಸಿವೆ ಕಾಳಿನಷ್ಟು. ಅಷ್ಟೇ. ಅಷ್ಟಕ್ಕೇ ನಾನು ಆ ಏರಿನಲ್ಲಿ ಸೈಕಲ್ ತಳ್ಳಿದ್ದು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ, ಗ್ರೀಸ್ ತುಂಬಿ ಮುಚ್ಚಿದರು. ಮೋಟಾರ್ ಓಡಿತು. 150 ರೂಪಾಯಿ ತಗೊಂಡರು, ಅದೂ ಒತ್ತಾಯ ಮಾಡಿದ್ದಕ್ಕೆ.

ನೀರು ಅಲ್ಲಿಗೆ ಹೋಗಿದ್ದು ಹೇಗೆ ಅನ್ನುವುದನ್ನೂ ಅವರೇ ತೋರಿಸಿದರು. ವೈರು ಫ್ರೇಮಿನ ಮೇಲಿಂದ ನೇರವಾಗಿ ಕನೆಕ್ಟರಿಗೆ ಇಳಿದಿತ್ತು. ಮೇಲೆ ಬಿದ್ದ ಮಳೆನೀರು ವೈರು ಹಿಡಿದುಕೊಂಡೇ ಒಳಗೆ ಇಳಿಯುತ್ತದೆ. ಕಂಬದಿಂದ ಮನೆಗೆ ವೈರು ಬರುವ ಜಾಗದಲ್ಲಿ ಲೈನ್‌ಮನ್ ಅದನ್ನು ಸ್ವಲ್ಪ ಕೆಳಗೆ ಬಾಗಿಸಿ ಬಿಟ್ಟಿರುತ್ತಾರಲ್ವಾ, ನೀರು ಅಲ್ಲಿಂದಲೇ ತೊಟ್ಟಿಕ್ಕಲಿ ಅಂತ. ಇಲ್ಲೂ ಹಾಗೇ ಒಂದು ಬಾಗು ಕೊಟ್ಟು ಪ್ಲಾಸ್ಟಿಕ್ ಟ್ಯಾಗಿನಲ್ಲಿ ಬಿಗಿದು ಕಟ್ಟಿದರು. ಆಮೇಲಿನ ಎರಡು ಮಳೆಗಾಲದಲ್ಲಿ ಆ ಕನೆಕ್ಟರ್ ಒಂದು ಸಲವೂ ತೊಂದರೆ ಕೊಟ್ಟಿಲ್ಲ.

ಸೈಕಲ್ಲಿನ ಪೆಟ್ಟಿಗೆ ಮೇಲೆ ನೀರು ತಡೆಯುತ್ತದೆ ಅಂತ ಬರೆದಿತ್ತು. ಪಕ್ಕದಲ್ಲಿ ಐಪಿಎಕ್ಸ್4 ಅಂತ ಸಣ್ಣ ಅಕ್ಷರ. ಅದರ ಅರ್ಥ, ಎಲ್ಲ ಕಡೆಯಿಂದ ನೀರು ಎರಚಿದರೆ ತೊಂದರೆ ಇಲ್ಲ ಅಂತ ಮಾತ್ರ. ನೀರಿನಲ್ಲಿ ಮುಳುಗಿಸಬಹುದು ಅಂತಲ್ಲ. ಅದಕ್ಕೆ ಐಪಿಎಕ್ಸ್7 ಬೇಕು, ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆಯುವಂಥದ್ದು. ತಗೊಳ್ಳುವ ಮುಂಚೆ ಈ ಅಂಕಿ ನೋಡಿ. ಮಲೆನಾಡಿನಲ್ಲಿ ಇರುವವರಿಗಂತೂ ಬಣ್ಣ, ಗೇರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದು.

ಹಳ್ಳದ ವಿಷಯ ಅಲ್ಲಿಗೆ ಮುಗಿಯಲಿಲ್ಲ. ದಸರಾ ರಜೆಯಲ್ಲಿ ಹಬ್ಬಿನ ಪಕ್ಕದ ಮುಚ್ಚಳವನ್ನೂ ಬಿಚ್ಚಿಸಿದೆ. ಒಳಗೆ ಮೂರು ನೈಲಾನ್ ಗೇರು. ಹಲ್ಲುಗಳು ಚೆನ್ನಾಗಿದ್ದವು. ಆದರೆ ಗ್ರೀಸ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು, ಮುಚ್ಚಳದ ಅಂಚಿನಲ್ಲಿ ತುಕ್ಕಿನ ಗೆರೆ. ನೀರು ಒಳಗೂ ಹೋಗಿತ್ತು. ಕಾರಣ ನಾನು ಪ್ರತಿ ವರ್ಷ ಪಾಠ ಮಾಡುವುದೇ. ಟಾರ್ ರಸ್ತೆಯಲ್ಲಿ ಓಡಿ ಮೋಟಾರ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೇ ತಣ್ಣನೆ ಹಳ್ಳಕ್ಕೆ ಇಳಿಸಿದರೆ ಆ ಗಾಳಿ ತಟ್ಟನೆ ಕುಗ್ಗಿ, ಸಂದಿಯಿಂದ ನೀರನ್ನು ಒಳಗೆ ಎಳೆಯುತ್ತದೆ. ಈಗ ಹಳ್ಳ ಬರುವ ಅರ್ಧ ಕಿಲೋಮೀಟರ್ ಮುಂಚೆಯೇ ಮೋಟಾರ್ ಆಫ್ ಮಾಡಿ ಬರೀ ತುಳಿಯುತ್ತೇನೆ. ನೀರು ಜಾಸ್ತಿ ಇದ್ದರೆ ಸ್ವಲ್ಪ ಮೇಲೆ ಕಾಲುಸಂಕ ಇದೆ, ಅದರ ಮೇಲೆ ಹಿಂದಿನ ಚಕ್ರ ಎತ್ತಿಕೊಂಡು ದಾಟುತ್ತೇನೆ. ಹತ್ತು ನಿಮಿಷ ಬೇಗ ಹೊರಡಬೇಕು, ಅಷ್ಟೇ.

ಸಣ್ಣಪುಟ್ಟದ್ದು ಬೇರೆ ಇದ್ದೇ ಇದೆ. ಹಿಂದಿನ ಚಕ್ರದ ಕಡ್ಡಿ ಮೂರು ಸಲ ಮುರಿಯಿತು. ಮೋಟಾರಿನ ಭಾರ, ಕಲ್ಲು ದಾರಿ, ಎರಡೂ ಸೇರಿ. ಕಾಕ ಪೂರ್ತಿ ಚಕ್ರ ಬಿಚ್ಚಿ ದಪ್ಪ ಕಡ್ಡಿ ಹಾಕಿ ಕಟ್ಟಿಕೊಟ್ಟ ಮೇಲೆ ಮುರಿದಿಲ್ಲ. ಡಿಸ್ಕ್ ಬ್ರೇಕ್ ಪ್ಯಾಡ್ ಮಳೆಗಾಲದ ಕೆಸರಿನಲ್ಲಿ ನಾಲ್ಕು ತಿಂಗಳೂ ಬರುವುದಿಲ್ಲ, ಮನೆಯಲ್ಲಿ ಎರಡು ಜೊತೆ ಇಟ್ಟುಕೊಂಡಿರುತ್ತೇನೆ. ಒಂದು ಬೆಳಿಗ್ಗೆ ಮೋಟಾರ್ ಏನು ಮಾಡಿದರೂ ಓಡಲಿಲ್ಲ. ಎದೆ ಧಸಕ್ ಅಂತು. ನೋಡಿದರೆ ಎಡಗೈ ಬ್ರೇಕ್ ಲಿವರಿನ ಬುಡದಲ್ಲಿ ಕೆಸರು ಒಣಗಿ, ಅದು ಪೂರ್ತಿ ವಾಪಸ್ ಬಂದಿರಲಿಲ್ಲ. ಬ್ರೇಕ್ ಹಿಡಿದಾಗ ಮೋಟಾರ್ ನಿಲ್ಲಿಸುವ ಸ್ವಿಚ್ಚು ಅದರೊಳಗೇ ಇರುತ್ತದೆ. ಬ್ರೇಕ್ ಹಿಡಿದಿದ್ದೀನಿ ಅಂತಲೇ ಅದು ಅಂದುಕೊಂಡಿತ್ತು. ಬೆರಳಲ್ಲಿ ತಳ್ಳಿದೆ, ಓಡಿತು. ನಿಮ್ಮದೂ ಯಾವಾಗಲಾದರೂ ಹಾಗೆ ನಿಂತರೆ ಮೊದಲು ಎರಡೂ ಲಿವರ್ ನೋಡಿ.

ಇನ್ನು ಬ್ಯಾಟರಿ. ನಿಜವಾದ ಚಿಂತೆ ಇದ್ದರೆ ಅದು ಬ್ಯಾಟರಿಯದ್ದೇ.

ನನ್ನದು 36 ವೋಲ್ಟ್, 10 ಆಂಪಿಯರ್-ಅವರ್. ಗುಣಿಸಿದರೆ 360 ವ್ಯಾಟ್-ಅವರ್. ಒಂಬತ್ತನೇ ಕ್ಲಾಸಿನಲ್ಲಿ ಕೆಲಸ ಮತ್ತು ಶಕ್ತಿ ಪಾಠ ಬಂದಾಗ ಮಕ್ಕಳ ಕೈಯಲ್ಲಿ ಇದರ ಲೆಕ್ಕ ಮಾಡಿಸಿದೆ. ನಾನು, ಸೈಕಲ್, ಬ್ಯಾಗ್ ಎಲ್ಲ ಸೇರಿ 92 ಕಿಲೋ. ಹಳ್ಳದಿಂದ ಶಾಲೆಗೆ ಏರು 140 ಮೀಟರ್. 92 ಗುಣಿಸು 9.8 ಗುಣಿಸು 140, ಸುಮಾರು 1,26,000 ಜೂಲ್. ಒಂದು ವ್ಯಾಟ್-ಅವರ್ ಅಂದರೆ 3,600 ಜೂಲ್. ಭಾಗಿಸಿದರೆ 35. ಬ್ಯಾಟರಿಯ ಹತ್ತನೇ ಒಂದು ಭಾಗ ಆ ಏರು ಒಂದಕ್ಕೇ, ಅದೂ ನಾನು ಒಂದು ಚೂರೂ ತುಳಿಯದೆ, ಮೋಟಾರಿನಲ್ಲಿ ಏನೂ ನಷ್ಟ ಆಗದೆ ಇದ್ದರೆ. ಯಾವತ್ತೂ ಹಿಂದಿನ ಬೆಂಚಿನಲ್ಲಿ ಕೂರುವ ಒಬ್ಬ ಹುಡುಗ ಎದ್ದು ನಿಂತು, "ಹಂಗಾದ್ರೆ ಮೇಡಂ ಬ್ಯಾಗ್ ನಾವು ಹೊತ್ಕೊಂಡು ಬಂದ್ರೆ ಎಷ್ಟು ಉಳಿಯುತ್ತೆ?" ಅಂತ ಕೇಳಿದ. ಅದನ್ನೂ ಬೋರ್ಡಿನ ಮೇಲೆ ಮಾಡಿದೆವು. ಬ್ಯಾಗ್ 6 ಕಿಲೋ, ಉಳಿಯುವುದು ಎರಡೂಕಾಲು ವ್ಯಾಟ್-ಅವರ್.

ಹೊಸದರಲ್ಲಿ ಒಂದು ಚಾರ್ಜಿಗೆ 34 ಕಿಲೋಮೀಟರ್ ಬರುತ್ತಿತ್ತು. ಈಗ 27. ಇದು ಅಂದಾಜಲ್ಲ, ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ದಿನಾಂಕ, ಕಿಲೋಮೀಟರ್, ಹೊರಡುವಾಗಿನ ವೋಲ್ಟ್, ಬಂದಮೇಲಿನ ವೋಲ್ಟ್. ಒಳಗೆ ಹತ್ತು ಸೆಲ್‌ಗಳ ಸಾಲು, ಒಂದೊಂದೂ ತುಂಬಿದಾಗ 4.2 ವೋಲ್ಟ್, ಒಟ್ಟು 42. 31ರ ಹತ್ತಿರ ಬಂದರೆ ಬ್ಯಾಟರಿ ತಾನೇ ಬಂದ್ ಮಾಡಿಕೊಳ್ಳುತ್ತದೆ. ಮೊದಲು ಆ ಏರಿನಲ್ಲಿ 38 ಇದ್ದದ್ದು 36ಕ್ಕೆ ಇಳಿಯುತ್ತಿತ್ತು. ಈಗ ಸಂಜೆ ಮನೆಯ ಹತ್ತಿರದ ಸಣ್ಣ ಏರಿನಲ್ಲೂ 33 ತೋರಿಸಿ, ಸಮತಟ್ಟು ಬಂದಮೇಲೆ ಮೇಲೇಳುತ್ತದೆ. ಸೆಲ್‌ಗಳಿಗೆ ವಯಸ್ಸಾಗುತ್ತಿದೆ. ನನ್ನ ದಿನದ ಓಡಾಟ 18 ಕಿಲೋಮೀಟರ್. ಸದ್ಯಕ್ಕೆ ಸಾಕು. ಆದರೆ 20ಕ್ಕೆ ಇಳಿದ ದಿನ ಏನು ಮಾಡುವುದು ಅಂತ ರಾತ್ರಿ ಮಲಗಿದಾಗ ಎಷ್ಟೋ ಸಲ ಯೋಚಿಸಿದ್ದೇನೆ.

ಬಾಳಿಕೆ ಬರಲಿ ಅಂತ ಕೆಲವು ಅಭ್ಯಾಸ ಮಾಡಿಕೊಂಡಿದ್ದೇನೆ. ಮನೆಗೆ ಬಂದ ಕೂಡಲೇ ಚಾರ್ಜಿಗೆ ಹಾಕುವುದಿಲ್ಲ, ಬಿಸಿ ಆರಬೇಕು. ಕಾಫಿ ಕುಡಿದು, ದೀಪ ಹಚ್ಚಿ, ಆಮೇಲೆ. ಶಾಲೆಗೆ ರಜೆ ಇದ್ದಾಗ ಪೂರ್ತಿ ತುಂಬಿಸಿ ಇಡುವುದಿಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ಪೂರ್ತಿ ತುಂಬಿ ವಾರಗಟ್ಟಲೆ ಇಟ್ಟರೆ ಸೆಲ್ ಬೇಗ ಹಾಳಾಗುತ್ತದೆ, ಪೂರ್ತಿ ಖಾಲಿ ಬಿಟ್ಟರೂ ಹಾಳು. ಬೇಸಿಗೆ ರಜೆಯಲ್ಲಿ ತಿಂಗಳಿಗೊಮ್ಮೆ ತೆಗೆದು ವೋಲ್ಟ್ ನೋಡುತ್ತೇನೆ.

ಅತ್ತೆಗೆ ಬೇರೆಯದೇ ಭಯ. 2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದದ್ದನ್ನು ಟಿವಿಯಲ್ಲಿ ನೋಡಿದ್ದರು. "ಮನೆಯೊಳಗೆ ಬೇಡ ಕಣೆ" ಅಂದರು. ಅವರ ಮಾತು ನನಗೆ ಸರಿ ಅನ್ನಿಸಿತು. ಆ ಬೆಂಕಿಗಳ ನಂತರ ಸ್ಕೂಟರ್ ಬ್ಯಾಟರಿಗಳಿಗೆ ಸರ್ಕಾರ ಪರೀಕ್ಷೆಯ ನಿಯಮ ಬಿಗಿ ಮಾಡಿತು. ನನ್ನ ಸೈಕಲ್ ಕಾನೂನಿನ ಲೆಕ್ಕದಲ್ಲಿ ಮೋಟಾರು ವಾಹನವೇ ಅಲ್ಲ. ಹಾಗಾಗಿ ನಮ್ಮ ಎಚ್ಚರ ನಮಗಿರಬೇಕು. ಹೊರಗೆ ಜಗುಲಿಯಲ್ಲಿ, ಕಲ್ಲಿನ ಮೇಲೆ ಇಟ್ಟು, ಎದ್ದಿರುವಾಗ ಮಾತ್ರ ಚಾರ್ಜ್ ಮಾಡುತ್ತೇವೆ. ಜೊತೆಗೆ ಬಂದ ಚಾರ್ಜರ್ ಬಿಟ್ಟು ಬೇರೆಯದು ಮುಟ್ಟಿಸಿಲ್ಲ. ಹಸಿರು ದೀಪ ಬಂದ ಕೂಡಲೇ ಅತ್ತೆಯೇ ಕೂಗುತ್ತಾರೆ.

ವೈಂಡಿಂಗ್ ಅಂಗಡಿಯವರನ್ನು ಬ್ಯಾಟರಿ ಬಗ್ಗೆಯೂ ಕೇಳಿದ್ದೆ. ಸೆಲ್ ಬದಲಾಯಿಸಬಹುದಾ ಅಂತ. ಅವರು ಕೈ ಮುಗಿದರು. "ಅದು ಬೇಡ ಟೀಚರೇ. ಮೋಟಾರ್ ಸುಟ್ಟರೆ ಹೊಗೆ ಬರುತ್ತೆ, ಕಟ್ಟಿಕೊಡ್ತೀನಿ. ಅದು ಬೇರೆ ಥರ." ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರಲ್ಲ, ಅವರ ಮೇಲಿನ ಗೌರವ ಇನ್ನೂ ಜಾಸ್ತಿಯಾಯಿತು. ಹೊಸ ಬ್ಯಾಟರಿಗೆ ನನಗೆ ಹೇಳಿದ ಬೆಲೆ 17 ಸಾವಿರ. ಕಂಪನಿ ಅದೇ ಅಳತೆಯ ಬ್ಯಾಟರಿಯನ್ನು ಎಷ್ಟು ವರ್ಷ ಕೊಡುತ್ತದೋ ಗೊತ್ತಿಲ್ಲ. ತಗೊಳ್ಳುವ ದಿನ ಈ ಪ್ರಶ್ನೆ ಕೇಳಬೇಕಿತ್ತು, ಕೇಳಲಿಲ್ಲ. ನಮ್ಮ ಕನ್ನಡ ಟೀಚರ್‌ಗೆ ನಾನು ಮೊದಲು ಹೇಳುವುದು ಇದನ್ನೇ.

ಎರಡನೆಯದು, ತಗೊಳ್ಳುವ ಮುಂಚೆ ಒಂದು ಸಲ ನನ್ನ ಜೊತೆ ಪೇಟೆಗೆ ಬನ್ನಿ. ಕಾಕನ ಅಂಗಡಿ, ವೈಂಡಿಂಗ್ ಅಂಗಡಿ ಎರಡನ್ನೂ ತೋರಿಸುತ್ತೇನೆ. ಕನೆಕ್ಟರ್‌ಗಳು ಕೈಗೆ ಸಿಗುವ ಹಾಗೆ ಹೊರಗೆ ಇರುವ, ಕಂಟ್ರೋಲರ್ ಬಿಚ್ಚಲು ಬರುವ ಸೈಕಲ್ ನೋಡಿ ತಗೊಳ್ಳೋಣ. ಎಲ್ಲವನ್ನೂ ಫ್ರೇಮಿನೊಳಗೆ ಮುಚ್ಚಿಟ್ಟದ್ದು ನೋಡಲು ಚಂದ, ಆದರೆ ನಮ್ಮೂರಲ್ಲಿ ಅದನ್ನು ತೆಗೆಯುವವರಿಲ್ಲ.

ನನ್ನ ಹತ್ತಿರ ಈಗ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿ ಒಂದು ಹೊಸ ಕಂಟ್ರೋಲರ್, ಮೂರು ಹಾಲ್ ಸೆನ್ಸರ್, ಎರಡು ಜೊತೆ ಬ್ರೇಕ್ ಪ್ಯಾಡ್, ಗ್ರೀಸಿನ ಟ್ಯೂಬ್, ಟ್ಯಾಗ್, ಹಳೇ ಟೂತ್‌ಬ್ರಷ್. ಬ್ಯಾಟರಿಗೆ ಅಂತ ಬ್ಯಾಂಕಿನಲ್ಲಿ ತಿಂಗಳಿಗೆ 700 ರೂಪಾಯಿಯ ಆರ್‌ಡಿ ಶುರು ಮಾಡಿದ್ದೇನೆ, ಎರಡು ವರ್ಷದ್ದು. ಅಲ್ಲಿಯವರೆಗೆ ಈ ಬ್ಯಾಟರಿ ತಡೆಯಬೇಕು. ನೋಟ್‌ಬುಕ್ಕಿನಲ್ಲಿ ಇವತ್ತಿನ ಸಾಲು: 18 ಕಿಲೋಮೀಟರ್, ಹೊರಡುವಾಗ 41.6, ಬಂದಮೇಲೆ 35.2. ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟು.